ನಾಲ್ಕನೇ ಮಂಚದ ಗಂಟು

ಮರೆಯುವವರನ್ನು ಕಂಡರೆ ಶಹರ್ಬಾನುವಿಗೆ ಮೈಯೆಲ್ಲ ಉರಿಯುತ್ತಿತ್ತು. ಥರ್ಮಾಮೀಟರ್ ತೊಳೆಯದೆ ಇಟ್ಟವರು, ಸೂಜಿ ಕುದಿಯಲು ಹಾಕಿ ನೀರು ಇಂಗುವವರೆಗೆ ಹರಟೆ ಹೊಡೆದವರು, ಬಾಣಂತಿಗೆ ಬಿಸಿನೀರು ಕೊಡುವುದನ್ನು ಮರೆತು ಆಮೇಲೆ ತಲೆ ಚಚ್ಚಿಕೊಂಡವರು, ಎಲ್ಲರಿಗೂ ಅವಳ ನಾಲಿಗೆಯ ಬಿಸಿ ಗೊತ್ತಿತ್ತು. "ತಲೆ ಇರೋದು ಬರೀ ಹೂ ಮುಡಿಯೋಕೆ ಅಂದ್ಕೊಂಡಿದ್ದೀಯಾ?" ಎಂದು ಒಮ್ಮೆ ಕೇಳಿದಳೆಂದರೆ ಆಯಿತು, ಕೇಳಿಸಿಕೊಂಡವರಿಗೆ ಆ ದಿನದ ಊಟ ಇಳಿಯುತ್ತಿರಲಿಲ್ಲ. ಇಂಥವಳೇ ಮರೆತಳು. ಮರೆತದ್ದಾದರೂ ಏನು, ಕೊಡೆಯೇ, ಕೈಚೀಲವೇ? ಒಂದು ಹೆಣ್ಣಿನ ಜೀವವನ್ನು. ಅದನ್ನೇ ಈಗ ಹೇಳಹೊರಟಿರುವುದು.

ಸಿರಾದಿಂದ ಮಧುಗಿರಿಗೆ ಹೋಗುವ ರಸ್ತೆಯಲ್ಲಿ, ಪೇಟೆ ಮುಗಿದ ಮೇಲೆ, ವೆಂಕಟರಾಮಯ್ಯನವರು ತಮ್ಮ ತಾಯಿಯ ನೆನಪಿಗೆ ಕಟ್ಟಿಸಿದ ಎಂಟು ಮಂಚದ ಹೆರಿಗೆ ಆಸ್ಪತ್ರೆ ಇತ್ತು. ಇದು ಐವತ್ತೊಂಬತ್ತನೇ ಇಸವಿಯ ಮಾತು. ಡಾಕ್ಟರಮ್ಮ ತುಮಕೂರಿನಿಂದ ಸೋಮವಾರಕ್ಕೊಮ್ಮೆ ಬರುತ್ತಿದ್ದರು. ಉಳಿದ ಆರು ದಿನ ಆಸ್ಪತ್ರೆ ಎಂದರೆ ಇಬ್ಬರು ನರ್ಸುಗಳು: ಎಂಟು ವರ್ಷದಿಂದ ಇದ್ದ ಶಹರ್ಬಾನು, ಎರಡು ವರ್ಷದ ಹಿಂದೆ ಸೇರಿದ ಜಗದಾಂಬ. ಹೇಳುವವರಿಲ್ಲ, ಕೇಳುವವರಿಲ್ಲ. ಶಹರ್ಬಾನು ತನಗೆ ತಾನೇ ಮೇಸ್ತ್ರಿ, ತನಗೆ ತಾನೇ ಕೂಲಿ. ಬೆಳಿಗ್ಗೆ ಆರಕ್ಕೆ ಬರಬೇಕಾದವಳು ಐದೂಮುಕ್ಕಾಲಿಗೇ ಬಾಗಿಲಲ್ಲಿರುತ್ತಿದ್ದಳು. ಬರುವ ಸೋಮವಾರ ಅವಳನ್ನು ಹೆಡ್ ನರ್ಸ್ ಮಾಡುವುದಾಗಿ ವೆಂಕಟರಾಮಯ್ಯನವರು ಹೇಳಿಯೂ ಆಗಿತ್ತು. ಇಬ್ಬರಲ್ಲಿ ಒಬ್ಬಳು ಹೆಡ್ ಯಾಕೆ ಎಂದು ಕೇಳಬೇಡಿ. ದೊಡ್ಡವರ ಆಸ್ಪತ್ರೆ, ದೊಡ್ಡವರ ಇಷ್ಟ.

ಡಾಕ್ಟರಮ್ಮ ಒಂದೊಂದು ಮಂಚದ ಕಾಲಿಗೂ ಒಂದೊಂದು ಸ್ಲೇಟು ಕಟ್ಟಿಸಿದ್ದರು. ರೋಗಿಗೆ ಏನು ಮಾಡಿದ್ದೇವೆ, ಇನ್ನೇನು ಮಾಡುವುದು ಉಳಿದಿದೆ, ಎರಡನ್ನೂ ಬರೆಯಬೇಕು. ಶಹರ್ಬಾನು ಮಾಡಿದ್ದನ್ನು ಬರೆಯುತ್ತಿದ್ದಳು. ಉಳಿದದ್ದನ್ನು ಮಾತ್ರ ಬರೆಯುತ್ತಿರಲಿಲ್ಲ. ಅದು ಅವಳ ಬಿಳಿ ಸೀರೆಯ ಸೆರಗಿನ ಅಂಚಿನಲ್ಲಿರುತ್ತಿತ್ತು. ಒಂದು ಕೆಲಸ ಬಾಕಿ ಉಳಿದರೆ ಒಂದು ಗಂಟು. ಕೆಲಸ ಮುಗಿದರೆ ಗಂಟು ಬಿಚ್ಚಿತು. ಸಂಜೆ ಮನೆಗೆ ಹೊರಡುವ ಮುಂಚೆ ಸೆರಗನ್ನು ಬೆರಳ ನಡುವೆ ಎಳೆದು ನೋಡುವಳು. ನುಣ್ಣಗೆ ಜಾರಿದರೆ ಆ ದಿನದ ಋಣ ತೀರಿತು. "ಬಳಪದಲ್ಲಿ ಬರೆದದ್ದು ಯಾರದೋ ಸೀರೆ ತಗುಲಿದರೆ ಅಳಿಸಿಹೋಗುತ್ತೆ. ಗಂಟು ಅಳಿಸಿಹೋಗುತ್ತಾ?" ಎಂದು ಜಗದಾಂಬನನ್ನು ಕೇಳುವಳು. ಜಗದಾಂಬ ನಗುವಳು. ಎಂಟು ವರ್ಷದಲ್ಲಿ ಒಂದು ಗಂಟೂ ಉಳಿದಿರಲಿಲ್ಲವಲ್ಲ.

ಆ ಬುಧವಾರ ಮಧ್ಯಾಹ್ನ ಕರೇಕಲ್ಲು ಹಟ್ಟಿಯ ಕ್ಯಾತಮ್ಮನನ್ನು ಗಾಡಿಯಲ್ಲಿ ಹಾಕಿಕೊಂಡು ತಂದರು. ಎರಡು ದಿನದಿಂದ ನೋವು ತಿನ್ನುತ್ತಿದ್ದ ಚೊಚ್ಚಲ ಬಸುರಿ. ಆ ಗೊಲ್ಲರ ಹಟ್ಟಿಯಿಂದ ಆಸ್ಪತ್ರೆಯ ಮೆಟ್ಟಿಲು ಹತ್ತಿದ ಮೊದಲ ಹೆಂಗಸು ಅವಳು. ಅವಳ ಗಂಡ ಬೋರಣ್ಣ, ಹಟ್ಟಿಯ ಹಿರಿಯರ ಮಾತು ಮೀರಿ ಕರೆತಂದಿದ್ದ. ಹೆಣ್ಣು ಮಗು ಹುಟ್ಟಿತು, ಗಟ್ಟಿಯಾಗಿ ಅತ್ತಿತು. ಆದರೆ ತಾಯಿಗೆ ಒಳಗೆ ಹರಿದು ರಕ್ತ ನಿಲ್ಲದಾಯಿತು. ಶಹರ್ಬಾನು ಎರಡು ಗಜದ ಗಾಜ್ ಬಟ್ಟೆಯ ಸುರುಳಿಯನ್ನು ಒಳಗೆ ತುರುಕಿ, ಒತ್ತಿ ಹಿಡಿದು, ಅರ್ಧ ಗಂಟೆ ಅಲ್ಲಾಡದೆ ನಿಂತಳು. ರಕ್ತ ನಿಂತಿತು. ಬಟ್ಟೆಯ ತುದಿ ಮಾತ್ರ ಹೊರಗೆ ಬೆರಳಷ್ಟು ಕಾಣುತ್ತಿತ್ತು. ಅವಳನ್ನು ನಾಲ್ಕನೇ ಮಂಚದಲ್ಲಿ ಮಲಗಿಸಿದರು.

"ನೋಡು ಕ್ಯಾತಮ್ಮ, ಇದನ್ನ ನಾಳೆ ಬೆಳಿಗ್ಗೆ ತೆಗೀಬೇಕು. ನಾಳೆ ನನಗೆ ರಜ, ಆದ್ರೂ ನಾನೇ ಬಂದು ತೆಗೀತೀನಿ. ನಾನು ಬರೋವರೆಗೂ ಯಾರೂ ಮುಟ್ಟಬಾರದು. ನೀನೂ ಮುಟ್ಟಬಾರದು. ಎಳೆದರೆ ಮತ್ತೆ ರಕ್ತ ಹೋಗುತ್ತೆ. ತಿಳೀತಾ?"

ಕ್ಯಾತಮ್ಮ ತಲೆಯಾಡಿಸಿದಳು. ನರ್ಸಮ್ಮ ಸೆರಗಿನ ತುದಿಗೆ ಗಂಟು ಹಾಕಿದ್ದನ್ನು ನೋಡಿ, "ಅದ್ಯಾಕೆ ನರ್ಸಮ್ಮ ಗಂಟು?" ಎಂದು ಕೇಳಿದಳು.

"ಇದು ನಿನ್ನ ಗಂಟು. ಇದನ್ನ ಬಿಚ್ಚೋವರೆಗೂ ನೀನು ನನ್ನ ಜವಾಬ್ದಾರಿ."

ಹೇಳಿ ಬಾಯಿ ಮುಚ್ಚುವಷ್ಟರಲ್ಲಿ ಇನ್ನೊಬ್ಬ ಬಸುರಿ ಬಂದಳು, ಬಾಗಿಲಲ್ಲೇ ಹೆರುವಂತಿದ್ದಳು. ಶಹರ್ಬಾನುವಿನ ಸೀರೆ ಸೆರಗಿನಿಂದ ಮೊಣಕಾಲಿನವರೆಗೆ ರಕ್ತ. ಹಾಗೇ ಮುಟ್ಟುವಂತಿಲ್ಲ. ಕೋಣೆಗೆ ಓಡಿ, ಬೇರೆ ಸೀರೆ ಸುತ್ತಿಕೊಂಡು, ಕೊಳೆಯಾದದ್ದನ್ನು ಅಗಸರ ಗಂಟಿಗೆಸೆದು ಓಡಿ ಬಂದಳು. ಆ ಹೆರಿಗೆ ಸಂಜೆಯವರೆಗೆ ನಡೆಯಿತು. ಅಷ್ಟರಲ್ಲಿ ಅಗಸರ ಕದಿರಯ್ಯ ಬಂದು ಬಟ್ಟೆ ಹೊತ್ತುಕೊಂಡು ಹೋಗಿದ್ದ. ಮನೆಗೆ ಹೊರಡುವಾಗ ಶಹರ್ಬಾನು ಎಂದಿನಂತೆ ಸೆರಗನ್ನು ಬೆರಳ ನಡುವೆ ಎಳೆದಳು. ನುಣ್ಣಗೆ ಜಾರಿತು.

ಗುರುವಾರ ಮನೆಯಲ್ಲಿ ಅಕ್ಕಿ ಆರಿಸುತ್ತ ಕೂತಿದ್ದಾಗ ಏನೋ ಬಿಟ್ಟು ಬಂದ ಹಾಗೆ ಎರಡು ಸಲ ಅನಿಸಿತು. ನಿನ್ನೆ ಸೆರಗು ನೋಡಿದ್ದೆನಲ್ಲ ಎಂದುಕೊಂಡು ಮತ್ತೆ ಅಕ್ಕಿ ಆರಿಸಿದಳು. ಶುಕ್ರವಾರ ಬಂದಾಗ ನಾಲ್ಕನೇ ಮಂಚ ಖಾಲಿ. "ನಿನ್ನೆ ಮಧ್ಯಾಹ್ನ ಗಂಡ ಬಂದು ಕರ್ಕೊಂಡು ಹೋದ, ಬಾನಕ್ಕ. ಬಾಣಂತೀನ ಹಟ್ಟಿ ಹೊರಗಿನ ಗುಡಿಸಲಲ್ಲಿ ಇಡಬೇಕಂತೆ, ಅವರ ಪದ್ಧತಿ. ಸ್ಲೇಟಲ್ಲಿ ಏನೂ ಬಾಕಿ ಇರಲಿಲ್ಲ, ಕಳಿಸಿದೆ," ಎಂದಳು ಜಗದಾಂಬ. "ಸರಿ," ಎಂದಳು ಶಹರ್ಬಾನು. ಅಷ್ಟೇ ಅಲ್ಲ ಮಹರಾಯಿತಿ, ಮಂಚದ ಮೇಲಿನ ಹಾಸು ಸುಕ್ಕಾಗಿದೆ ಎಂದು ಜಗದಾಂಬನಿಗೆ ಬೈದಳು ಕೂಡ.

ಶನಿವಾರ ಬೆಳಿಗ್ಗೆ ಒಂಬತ್ತೂವರೆಗೆ ಕದಿರಯ್ಯ ಒಗೆದ ಬಟ್ಟೆ ತಂದು ಜಗಲಿಯ ಮೇಲಿಟ್ಟ. ಹೋಗದೆ ತಲೆ ಕೆರೆದುಕೊಳ್ಳುತ್ತ ನಿಂತ.

"ನರ್ಸಮ್ಮ, ಒಂದ್ ಮಾತು. ನಿಮ್ಮ ಸೀರೆ ಸೆರಗಲ್ಲಿ ಗಂಟಿತ್ತು. ರಕ್ತ ಬುಡ್ಸೋಕೆ ಅಂತ ಬಿಚ್ಬುಟ್ಟೆ. ಅದ್ರೊಳಗೆ ಏನೂ ಇರ್ಲಿಲ್ಲ ಕಣಮ್ಮ, ದೇವರಾಣೆ. ಆಮ್ಯಾಕೆ ಏನೋ ಇಟ್ಟಿದ್ದೆ ಅಂತ ನನ್ ಮ್ಯಾಲೆ ಅನ್ಮಾನ ಪಡಬ್ಯಾಡಿ."

"ಇಲ್ಲ ಕದಿರಯ್ಯ, ಏನೂ ಇಟ್ಟಿರಲಿಲ್ಲ," ಎಂದು ಶಹರ್ಬಾನು ನಗುತ್ತಲೇ ಆ ಸೀರೆ ಎತ್ತಿಕೊಂಡಳು. ಕೈಯಲ್ಲಿದ್ದ ಸೀರೆ ಜಾರಿ ಬಿತ್ತು. ನಾಲ್ಕನೇ ಮಂಚ. ಎರಡು ಗಜದ ಗಾಜ್ ಬಟ್ಟೆ. ಬುಧವಾರ, ಗುರುವಾರ, ಶುಕ್ರವಾರ, ಇವತ್ತು ಶನಿವಾರ. ಒಂದು ದಿನಕ್ಕಿಂತ ಹೆಚ್ಚು ಇರಬಾರದ ಬಟ್ಟೆ ಅದು. ಒಳಗೇ ಕೊಳೆತರೆ ನಂಜೇರುತ್ತದೆ, ಜ್ವರ ಬರುತ್ತದೆ, ಆಮೇಲೆ ಎರಡೇ ದಿನ. ಅಂಥದ್ದೊಂದನ್ನು ಅವಳು ಕಲಿಯುವ ಕಾಲದಲ್ಲಿ ಕಣ್ಣಾರೆ ಕಂಡಿದ್ದಳು. ಕದಿರಯ್ಯ, "ಯಾಕಮ್ಮ, ತಲೆ ಸುತ್ತು ಬಂತಾ?" ಎನ್ನುತ್ತಿದ್ದ.

ರಾತ್ರಿ ಪಾಳಿ ಮುಗಿದ ಮೇಲೂ ಉಳಿದ ಕೆಲಸ ಮುಗಿಸಿ ಆಗಷ್ಟೇ ಮನೆಗೆ ಹೊರಟಿದ್ದ ಜಗದಾಂಬನನ್ನು ಒಳಗೆಳೆದುಕೊಂಡು ಹೋಗಿ ಎಲ್ಲವನ್ನೂ ಹೇಳಿದಳು. ಜಗದಾಂಬ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಕೇಳಿದಳು.

"ನಾನೇ ಕಳಿಸಿದೆನಲ್ಲ ಅಕ್ಕ, ನೋಡದೆ ಕಳಿಸಿದೆ."

"ನೀನು ಸ್ಲೇಟು ನೋಡಿದೆ. ಸ್ಲೇಟಲ್ಲಿ ಬರೆಯದೇ ಇದ್ದೋಳು ನಾನು. ನಿಂದೇನಿಲ್ಲ ಅದರಲ್ಲಿ. ಇಕ್ಕಳ, ಸಿರಿಂಜು ಕುದಿಯಕ್ಕೆ ಹಾಕು. ಮಧುಗಿರಿ ಬಸ್ಸು ಹತ್ತೂವರೆಗೆ. ನಾನು ಬರೋವರೆಗೂ ವಾರ್ಡು ನೀನೇ ನೋಡ್ಕೋ."

"ಸೋಮವಾರ ಡಾಕ್ಟರಮ್ಮ ಬರ್ತಾರೆ..."

"ಸೋಮವಾರಕ್ಕೆ ಅವಳು ಇರಬೇಕಲ್ಲ."

ಸ್ಟವ್ವಿನ ಮೇಲೆ ನೀರು ಕುದಿಯುವುದನ್ನು ನೋಡುತ್ತ ನಿಂತಾಗ ಜಗದಾಂಬ ಮೆಲ್ಲಗೆ ಹೇಳಿದಳು: "ಅಕ್ಕ, ಮರೆತೆ ಅಂತ ಅಲ್ಲಿ ಹೇಳಬೇಡಿ. ಡಾಕ್ಟರಮ್ಮ ನೋಡ್ಕೊಂಡು ಬಾ ಅಂದ್ರು ಅನ್ನಿ. ಕೆಲಸ ಮುಗಿಸಿ ಬಂದ್ಬಿಡಿ. ಯಾರಿಗೆ ಗೊತ್ತಾಗುತ್ತೆ?"

ಆ ಮಾತು ಶಹರ್ಬಾನುವಿನ ಮನಸ್ಸಿಗೆ ಚೆನ್ನಾಗಿಯೇ ಹಿಡಿಸಿತ್ತು. ಔಷಧಿ ಬೀರುವಿನಿಂದ ಪೆನಿಸಿಲಿನ್ ತೆಗೆದು ಚೀಲಕ್ಕೆ ಹಾಕುವಾಗ ಅದೇ ಮಾತನ್ನು ಬಾಯಿಪಾಠ ಮಾಡುತ್ತಿದ್ದಳು. ಡಾಕ್ಟರಮ್ಮ ನೋಡ್ಕೊಂಡು ಬಾ ಅಂದ್ರು. ಡಾಕ್ಟರಮ್ಮ ನೋಡ್ಕೊಂಡು ಬಾ ಅಂದ್ರು.

ಗೇಟಿನಲ್ಲಿ ವೆಂಕಟರಾಮಯ್ಯನವರು ಎದುರಾದರು. ಹೊಸ ವಾರ್ಡು ಕಟ್ಟಿಸಿಕೊಡುತ್ತೇನೆಂದ ತುಮಕೂರಿನ ವರ್ತಕರೊಬ್ಬರು ಹನ್ನೊಂದಕ್ಕೆ ಬರುವವರಿದ್ದರು. ಆರತಿ ತಟ್ಟೆ, ಹೂವಿನ ಹಾರ ಎಲ್ಲ ಸಿದ್ಧವಾಗಿತ್ತು.

"ಎಲ್ಲಿಗಮ್ಮ ಚೀಲ ಹಿಡ್ಕೊಂಡು? ಅವರಿಗೆ ಆಸ್ಪತ್ರೆ ತೋರಿಸೋರು ನೀವೇ ಅಂತ ಹೇಳಿದ್ದೆನಲ್ಲ."

"ಒಂದು ಬಾಣಂತಿಗೆ ಕಷ್ಟ ಆಗಿದೆ ಸ್ವಾಮಿ. ಹಟ್ಟಿಗೆ ಹೋಗಿಬರಬೇಕು."

"ಹಟ್ಟಿಗೆ ಹೋಗೋದು ನಿಮ್ಮ ಕೆಲಸ ಅಲ್ಲ. ಅವರೇ ತರಲಿ ಇಲ್ಲಿಗೆ. ಸೋಮವಾರ ನಿಮ್ಮ ಆರ್ಡರಿಗೆ ರುಜು ಹಾಕಬೇಕಾದೋನು ನಾನು, ಅದು ನೆನಪಿರಲಿ."

"ನೆನಪಿದೆ ಸ್ವಾಮಿ," ಎಂದು ಕೈಮುಗಿದು ಅವಳು ರಸ್ತೆಗಿಳಿದೇ ಬಿಟ್ಟಳು. ಹೆಡ್ ನರ್ಸಿನ ಆಸೆ ಅವಳಿಗಿರಲಿಲ್ಲವೆಂದು ಯಾರಾದರೂ ಹೇಳಿದರೆ ನಂಬಬೇಡಿ. ತುಂಬ ಇತ್ತು. ಬಸ್ ನಿಲ್ದಾಣದವರೆಗೂ ಅವರು ಹಿಂದಿನಿಂದ ಕರೆಯುತ್ತಾರೇನೋ ಎಂದು ಬೆನ್ನು ಕಾಯುತ್ತಲೇ ನಡೆದಳು.

ಬಸ್ಸು ನಿಂತಿತ್ತು. ನಿಂತೇ ಇತ್ತು. ಸೀಟು ತುಂಬುವವರೆಗೆ ಹೊರಡುವ ಮಾತೇ ಇಲ್ಲ. ಕಂಡಕ್ಟರು ಬೀಡಿ ಸೇದುತ್ತ "ಮಧುಗಿರಿ, ಮಧುಗಿರಿ" ಎಂದು ಗಾಳಿಗೆ ಕೂಗುತ್ತಿದ್ದ. ಹತ್ತೂವರೆ ಆಯಿತು, ಹನ್ನೊಂದಾಯಿತು. ಶಹರ್ಬಾನು ಇಳಿದು ಹೋಗಿ ಅವನ ಮುಂದೆ ನಿಂತಳು. "ನಿಮ್ಮ ಹೆಂಡತಿ ಹೆರಿಗೆ ಯಾರು ಮಾಡಿಸಿದ್ದು?" ಎಂದು ಕೇಳಿದಳು. ಅವನು ಮುಖ ನೋಡಿ, ಬೀಡಿ ಬಿಸಾಕಿ, "ರೈಟ್" ಎಂದ. ಅವನ ಹೆಂಡತಿಯ ಹೆರಿಗೆಯನ್ನು ಮಾಡಿಸಿದ್ದು ಇವಳೇ, ಹೋದ ವರ್ಷ.

ದಾರಿಯುದ್ದಕ್ಕೂ ಲೆಕ್ಕ ಹಾಕಿದಳು. ಬುಧವಾರ ನಾಲ್ಕು ಗಂಟೆಗೆ ಇಟ್ಟದ್ದು. ಮುಟ್ಟುವಷ್ಟರಲ್ಲಿ ಮೂರು ದಿನ ತುಂಬುತ್ತದೆ. ಜ್ವರ ಗುರುವಾರವೇ ಬಂದಿದ್ದರೆ? ಹಟ್ಟಿಯವರು ಬಾಣಂತಿ ಸನ್ನಿ ಎಂದು ಕಷಾಯ ಕುಡಿಸುತ್ತ ಕೂತಿದ್ದರೆ? ಯಾರೋ ತುದಿ ಕಂಡು ಎಳೆದು, ಅರ್ಧ ಹರಿದು ಬಂದು, ಉಳಿದರ್ಧ ಒಳಗೇ ಉಳಿದಿದ್ದರೆ? ನಡುವೆ ಎರಡು ಸಲ ಬಸ್ಸು ನಿಲ್ಲಿಸಿ ಇಂಜಿನ್ನಿಗೆ ನೀರು ಹುಯ್ದರು. ಪಕ್ಕದ ಸೀಟಿನ ಮುದುಕಿ, "ಯಾಕವ್ವ, ಸೆರಗ ಅಂಗೆ ಹಿಂಡ್ತಾ ಇದೀಯ, ಒದ್ದೆ ಆಗೈತಾ?" ಎಂದು ಕೇಳಿದಳು. ಶಹರ್ಬಾನು ಸೆರಗನ್ನು ಬಿಟ್ಟು ಕೈಯನ್ನು ತೊಡೆಯ ಕೆಳಗಿಟ್ಟುಕೊಂಡಳು.

ಬಸ್ಸಿಳಿದು ಮೂರು ಮೈಲಿ ನಡೆಯಬೇಕಿತ್ತು. ಜಾಲಿಯ ಮುಳ್ಳು, ಕಲ್ಲು, ಕುರಿ ತುಳಿದ ಕಾಲುದಾರಿ. ದೂರದಲ್ಲಿ ಮಧುಗಿರಿಯ ಬಂಡೆ ಬಿಸಿಲಿಗೆ ಬೂದಿ ಬಣ್ಣವಾಗಿತ್ತು. ನಡೆಯುತ್ತ ಓಡಿದಳು, ಓಡುತ್ತ ನಡೆದಳು. ಹಟ್ಟಿಯ ಕಡೆಯಿಂದ ಅಳು ಕೇಳುತ್ತದೇನೋ ಎಂದು ನಿಂತು ನಿಂತು ಕಿವಿಗೊಟ್ಟಳು. ಕುರಿಯ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಸದ್ದಿಲ್ಲದ್ದಕ್ಕೂ ಹೆದರಿಕೆಯಾಯಿತು.

ಹಟ್ಟಿಗೆ ಸುತ್ತ ಮುಳ್ಳುಬೇಲಿ. ಬೇಲಿಯಾಚೆ, ಒಂದು ಕೂಗಿನ ದೂರದಲ್ಲಿ, ಹುಣಸೆ ಮರದ ಪಕ್ಕ ಸೋಗೆಯ ಗುಡಿಸಲು. ಅದರ ಮುಂದೆ ಕ್ಯಾತಮ್ಮನ ಅತ್ತೆ ಗೌರಕ್ಕ ಕುಕ್ಕರಗಾಲಲ್ಲಿ ಕೂತಿದ್ದಳು. ಬೋರಣ್ಣ ಮರಕ್ಕೊರಗಿ ನಿಂತಿದ್ದ. ಬಿಳಿ ಸೀರೆ ಕಂಡು ಇಬ್ಬರೂ ಎದ್ದರು.

"ಬದುಕಿದ್ದಾಳಾ?" ಎಂದು ಕೇಳಬೇಕೆಂದಿದ್ದವಳ ಬಾಯಿಂದ ಬಂದದ್ದು ಬಾಯಿಪಾಠವೇ: "ಡಾಕ್ಟರಮ್ಮ ನೋಡ್ಕೊಂಡು ಬಾ ಅಂದ್ರು."

"ನೋಡೋದೇನೈತೆ," ಎಂದಳು ಗೌರಕ್ಕ. "ನಿನ್ನೆಯಿಂದ ಜ್ವರ ಸುಡ್ತಾ ಐತೆ. ಆಸ್ಪತ್ರೆಗೆ ಕಳ್ಸಿದ್ದೇ ತಪ್ಪಾತು ಅಂತ ಹಟ್ಟಿಯೋರೆಲ್ಲ ನನ್ ಮಕಕ್ಕೆ ಉಗೀತಾವ್ರೆ. ನಮ್ ಮದ್ದು ನಾವು ಮಾಡ್ತಾ ಇದೀವಿ. ಗುಡ್ಲೊಳಕ್ಕೆ ಹೊರಗಿನೋರು ಹೋಗಂಗಿಲ್ಲ. ನಿಮ್ ಡಾಕ್ಟರಮ್ಮಂಗೆ ಏಳೋಗಿ, ನೋಡ್ದೆ ಅಂತ."

ಬದುಕಿದ್ದಾಳೆ. ಒಂದು ಸುಳ್ಳು ಇಷ್ಟು ದೂರ ತಂದಿತ್ತು, ಗುಡಿಸಲ ಬಾಗಿಲಲ್ಲಿ ಕೈಬಿಟ್ಟಿತು. ಇನ್ನೊಂದು ಸುಳ್ಳು ಹುಡುಕಲು ಅವಳಿಗೆ ಹೊತ್ತಿರಲಿಲ್ಲ.

"ಡಾಕ್ಟರಮ್ಮ ಕಳಿಸಿಲ್ಲ ಗೌರಕ್ಕ. ಅವರಿಗೆ ಗೊತ್ತೇ ಇಲ್ಲ. ರಕ್ತ ನಿಲ್ಲಿಸೋಕೆ ನಿಮ್ಮ ಸೊಸೆ ಮೈಯೊಳಗೆ ಬಟ್ಟೆ ಇಟ್ಟಿದ್ದೆ. ಮಾರನೇ ದಿನ ತೆಗೀಬೇಕಾಗಿತ್ತು. ಮರೆತೆ. ಅದು ಒಳಗೇ ಇದೆ, ಜ್ವರ ಅದರಿಂದಲೇ. ಈಗಲೇ ತೆಗೀದಿದ್ರೆ ಅವಳು ಉಳಿಯೋದಿಲ್ಲ."

ಬೋರಣ್ಣ ಎರಡು ಹೆಜ್ಜೆ ಮುಂದೆ ಬಂದ. ಕುರಿ ಕಾಯುವ ಕೋಲು ಕೈಯಲ್ಲಿತ್ತು. "ಮರ್ತ್ರಾ? ಹಟ್ಟಿಯೋರ್ನೆಲ್ಲ ಎದ್ರು ಹಾಕ್ಕಂಡು ನಿಮ್ಮನ್ನ ನಂಬ್ಕಂಡು ಬಂದೆ ಕಣಮ್ಮ. ಅವ್ಳು ಸತ್ತಿದ್ರೆ?"

"ಸತ್ತಿದ್ರೆ ನಾನೇ ಕೊಂದಂಗೆ. ಆಮೇಲೆ ಹೊಡಿ ಬೋರಣ್ಣ, ಬೇಡ ಅನ್ನಲ್ಲ. ಮೊದಲು ಒಳಗೆ ಬಿಡು."

ಗೌರಕ್ಕ ಅವಳನ್ನೇ ನೋಡುತ್ತಿದ್ದಳು. ಆಮೇಲೆ ಕುಸಿದ ದನಿಯಲ್ಲಿ, "ಅಂಗಾದ್ರೆ ಅದು ನಿಜಾನೇ ಅನ್ನು," ಎಂದಳು. "ಒಳಗೆ ಬಟ್ಟೆ ಐತೆ, ನರ್ಸಮ್ಮ ಬಂದು ತೆಗೀತಾರೆ ಅಂತ ಬಡ್ಕತಾನೇ ಅವ್ಳೆ. ಜ್ವರದಾಗೆ ಏನೋ ಅಂತಾಳೆ ಅಂದ್ಕಂಡಿದ್ದೆ. ನಾತ ಬಂತು ಅಂತ ನಿನ್ನೆ ನೋಡಿದ್ರೆ ತುದಿ ಕಾಣ್ತು. ಎಳೀತೀನಿ ಅಂದೆ. ನನ್ ಕೈನ ಇಡ್ಕಂಡು ಬುಡಾಕಿಲ್ಲ ಅಂದ್ಳು." ತಿರುಗಿ ಮಗನಿಗೆ, "ಲೇ ಬೋರ, ದಾರಿ ಬುಡ್ಲಾ," ಎಂದಳು. ಆಮೇಲೆ ಶಹರ್ಬಾನುವಿಗೆ: "ಅಮ್ಮ, ಒಳಕ್ಕೋದ್ರೆ ಇವತ್ತು ನಿನ್ನ ಹಟ್ಟಿಯೊಳಕ್ಕೆ ಸೇರ್ಸಾಕಿಲ್ಲ. ಮರದ ಬುಡದಾಗೇ ಇರ್ಬೇಕು."

"ಇರ್ತೀನಿ. ಒಲೆ ಹಚ್ಚಿ, ಒಂದು ಮಡಕೆ ನೀರು ಕುದಿಯಕ್ಕಿಡಿ."

ಗುಡಿಸಲ ಬಾಗಿಲಲ್ಲಿ ಬಗ್ಗಿದಾಗಲೇ ನಾತ ಮುಖಕ್ಕೆ ಬಡಿಯಿತು. ಯಾವ ನಾತ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಮಗು ಕಂಬಳಿಯಲ್ಲಿ ಮಲಗಿತ್ತು. ಕ್ಯಾತಮ್ಮನ ತುಟಿ ಒಡೆದಿತ್ತು, ಕಣ್ಣು ಕೆಂಪಾಗಿದ್ದವು. ಥರ್ಮಾಮೀಟರ್ ನೂರ ಮೂರು ತೋರಿಸಿತು.

"ಬಂದ್ರಾ ನರ್ಸಮ್ಮ," ಎಂದಳು ಕ್ಯಾತಮ್ಮ. ಎಷ್ಟೊತ್ತಿಗೆ ಬಂದಿರಿ ಎನ್ನಲಿಲ್ಲ, ಯಾಕೆ ತಡ ಎನ್ನಲಿಲ್ಲ. ಅವಳ ಕಣ್ಣು ಶಹರ್ಬಾನುವಿನ ಸೊಂಟದ ಹತ್ತಿರ ಏನನ್ನೋ ಹುಡುಕಿತು. "ನನ್ ಗಂಟೆಲ್ಲಿ?"

ಬಿಳಿ ಸೆರಗು ಇಸ್ತ್ರಿ ಮಾಡಿದಂತೆ ನುಣ್ಣಗಿತ್ತು. ಶಹರ್ಬಾನುವಿಗೆ ಜೀವಮಾನದಲ್ಲಿ ಅಷ್ಟು ನಾಚಿಕೆ ಎಂದೂ ಆಗಿರಲಿಲ್ಲ.

"ಬಿಚ್ಚಿಹೋಯ್ತು ತಾಯಿ. ನಾನು ಮರೆತೆ."

ಕ್ಯಾತಮ್ಮ ಕಣ್ಣು ಮುಚ್ಚಿ ತೆರೆದಳು. "ಈಗ ಬಂದ್ರಲ್ಲ," ಎಂದಳು.

ಇಕ್ಕಳದಲ್ಲಿ ತುದಿ ಹಿಡಿದು, ಬೆಚ್ಚಗಿನ ಔಷಧಿ ನೀರು ಬಿಡುತ್ತ, ಬೆರಳಗಲದಷ್ಟೇ ಬೆರಳಗಲದಷ್ಟೇ ಎಳೆದಳು. ಎಲ್ಲಿ ಹರಿಯುತ್ತದೋ, ಎಲ್ಲಿ ರಕ್ತ ಚಿಮ್ಮುತ್ತದೋ ಎಂದು ನಡುನಡುವೆ ನಿಲ್ಲಿಸಿ ನೋಡಿದಳು. ಅವಳ ಹಣೆಯ ಬೆವರು ಮೂಗಿನ ತುದಿಗಿಳಿದು ತೊಟ್ಟಿಕ್ಕುತ್ತಿತ್ತು, ಒರೆಸಿಕೊಳ್ಳಲು ಕೈಯಿರಲಿಲ್ಲ. ಗೌರಕ್ಕ ಬಾಗಿಲಲ್ಲಿ ನಿಂತು, "ಬಂತಾ? ಬಂತಾ?" ಎಂದು ಕೇಳುತ್ತಲೇ ಇದ್ದಳು. ಕೊನೆಗೂ ಪೂರಾ ಬಂತು. ಹೊರಗೆ ತಂದು ನೆಲದ ಮೇಲೆ ಹಾಸಿ, ಗೇಣು ಹಾಕಿ ಅಳೆದಳು. ಎರಡು ಗಜ, ಎಲ್ಲೂ ಹರಿದಿರಲಿಲ್ಲ. ರಕ್ತವೂ ಹರಿಯಲಿಲ್ಲ. ಮೊದಲು ತೋಳಿಗೆ ಒಂದು ಹನಿ ಪೆನಿಸಿಲಿನ್ ಚುಚ್ಚಿ, ಕಾದು, ಏನೂ ಆಗಲಿಲ್ಲವೆಂದು ಖಾತ್ರಿಯಾದ ಮೇಲೆ ಪೂರ್ತಿ ಇಂಜೆಕ್ಷನ್ ಕೊಟ್ಟಳು.

ಎಲ್ಲ ತೊಳೆದು ಎದ್ದೇಳುವಾಗ ಕ್ಯಾತಮ್ಮ ತನ್ನ ಸೀರೆಯ ಸೆರಗನ್ನು ಮುಂದೆ ಚಾಚಿದಳು. ತುದಿಯಲ್ಲಿ ಒಂದು ಗಂಟಿತ್ತು.

"ಗಾಡಿ ಹತ್ತೋವಾಗ ನೀವಿರ್ಲಿಲ್ಲ. ಬ್ಯಾರೆ ಯಾರೂ ಮುಟ್ಟಬಾರ್ದು ಅಂದಿದ್ರಲ್ಲ, ಅದ್ಕೇ ಆ ನರ್ಸಮ್ಮಂಗೂ ಏಳ್ಲಿಲ್ಲ. ನಾನೇ ಕಟ್ಕಂಡೆ, ನಾನೆಲ್ಲಿ ಮರ್ತುಬುಡ್ತೀನೋ ಅಂತ. ಅತ್ತೆ ಎಳೀತೀನಿ ಅಂದಾಗ್ಲೆಲ್ಲ ಇದ್ನ ನೋಡ್ಕಂತಿದ್ದೆ. ನೀವು ಬಿಚ್ಚೋಗಂಟ ನಾನು ನಿಮ್ ಜವಾಬ್ದಾರಿ ಅಂದಿದ್ರಲ್ಲ. ಈಗ ಬಿಚ್ಚಿ."

ಬೆವರಿಗೆ ನೆಂದು ಒಣಗಿ ಆ ಗಂಟು ಕಲ್ಲಾಗಿತ್ತು. ಎಂಟು ವರ್ಷ ಗಂಟು ಹಾಕಿ ಬಿಚ್ಚಿದ ಬೆರಳುಗಳಿಗೆ ಅದು ಬಗ್ಗಲಿಲ್ಲ. ಶಹರ್ಬಾನು ಅಳುತ್ತಿದ್ದಳು, ಅಳುತ್ತಲೇ ಉಗುರು ಹಾಕಿ ಬಿಡಿಸುತ್ತಿದ್ದಳು. ಕಡೆಗೆ ಹಲ್ಲು ಹಚ್ಚಿ ಬಿಚ್ಚಬೇಕಾಯಿತು.

ಅವತ್ತು ಹುಣಸೆ ಮರದ ಬುಡದಲ್ಲೇ ಉಳಿದಳು. ಗೌರಕ್ಕ ರಾಗಿ ಅಂಬಲಿಯನ್ನು ದೂರದಲ್ಲಿಟ್ಟು ಹೋದಳು. ಹೊತ್ತು ಹೊತ್ತಿಗೆ ಒಳಗೆ ಹೋಗಿ ಥರ್ಮಾಮೀಟರ್ ಇಟ್ಟು ನೋಡುವುದು, ಹೊರಗೆ ಬಂದು ಕೂರುವುದು. ನೂರ ಮೂರು. ನೂರ ಮೂರು. ಬೆಳಗಿನ ಜಾವಕ್ಕೆ ನೂರ ಒಂದು. ಭಾನುವಾರ ಬಿಸಿಲೇರುವ ಹೊತ್ತಿಗೆ ಕ್ಯಾತಮ್ಮ ಬೆವರಿ, ಹಸಿವು ಎಂದಳು. ಎರಡನೇ ಇಂಜೆಕ್ಷನ್ ಕೊಟ್ಟು ಶಹರ್ಬಾನು ಹೊರಟಳು. ಮಂಗಳವಾರದವರೆಗೆ ದಿನಾ ಬಂದು ಚುಚ್ಚಿ ಹೋಗುವುದೆಂದು ಮಾತಾಯಿತು.

ಬೋರಣ್ಣ ಬಸ್ಸಿನವರೆಗೆ ಚೀಲ ಹೊತ್ತುಕೊಂಡು ಬಂದ. ಬಸ್ಸಿನ ಧೂಳು ಕಂಡ ಮೇಲೆ, "ನನ್ ತಂಗೀಗೂ ದಿನ ತುಂಬ್ತಾ ಐತೆ," ಎಂದ. "ಕರ್ಕಂಬರ್ಲಾ, ಬ್ಯಾಡ್ವಾ? ನೀವೇ ಏಳಿ."

ಇದಕ್ಕಿಂತ ಎರಡೇಟು ಹೊಡೆದಿದ್ದರೆ ಚೆನ್ನಾಗಿತ್ತು ಎನಿಸಿತು ಅವಳಿಗೆ.

"ಕರ್ಕೊಂಡು ಬಾ. ನನ್ನ ಸೆರಗು ನಂಬಬೇಡ. ಮಂಚದ ಕಾಲಲ್ಲಿ ಸ್ಲೇಟಿರುತ್ತೆ. ವಾಪಸ್ ಹೊರಡೋ ಮುಂಚೆ ಅದನ್ನ ನನ್ನ ಕೈಲಿ ಓದಿಸಿ, ಕೇಳಿ, ಆಮೇಲೆ ಗಾಡಿ ಹೊಡಿ."

ಸೋಮವಾರ ಡಾಕ್ಟರಮ್ಮ ಬರುವ ಮುಂಚೆಯೇ ಆಸ್ಪತ್ರೆಯ ವರದಿ ಪುಸ್ತಕದಲ್ಲಿ ಎಲ್ಲವನ್ನೂ ಬರೆದಿಟ್ಟಳು. ಬಟ್ಟೆ ಇಟ್ಟದ್ದು, ಸ್ಲೇಟಿನಲ್ಲಿ ಬರೆಯದೇ ಇದ್ದದ್ದು, ಮರೆತದ್ದು, ಕೇಳದೆ ಕೆಲಸ ಬಿಟ್ಟು ಹೋದದ್ದು. ಜಗದಾಂಬನ ಹೆಸರು ಅದರಲ್ಲಿ ಎಲ್ಲೂ ಇರಲಿಲ್ಲ. ವೆಂಕಟರಾಮಯ್ಯನವರು ಓದಿ ಹೌಹಾರಿದರು. "ಇದನ್ನ ಯಾರು ಬರಿ ಅಂದ್ರು? ನಾಲ್ಕು ಜನ ಓದಿದರೆ ಆಸ್ಪತ್ರೆ ಗತಿ ಏನು? ಹರಿದು ಹಾಕಿ ಆ ಹಾಳೇನ."

ಡಾಕ್ಟರಮ್ಮ ಪುಸ್ತಕವನ್ನು ತಮ್ಮ ಕಡೆಗೆ ಎಳೆದುಕೊಂಡರು. ಎರಡು ಸಲ ಓದಿದರು. ಆಮೇಲೆ ಶಹರ್ಬಾನುವಿನ ರುಜುವಿನ ಕೆಳಗೆ ತಮ್ಮದೂ ಒಂದು ರುಜು ಹಾಕಿದರು. ಹೆಡ್ ನರ್ಸಿನ ಆರ್ಡರಿನ ಮಾತು ಆ ದಿನ ಬರಲಿಲ್ಲ, ಆ ವರ್ಷವೂ ಬರಲಿಲ್ಲ. ಶಹರ್ಬಾನು ಅದಕ್ಕಾಗಿ ನೊಂದುಕೊಳ್ಳಲಿಲ್ಲವೆಂದರೆ ಸುಳ್ಳಾದೀತು; ನೊಂದುಕೊಂಡಳು, ಮತ್ತೆ ಬೆಳಿಗ್ಗೆ ಐದೂಮುಕ್ಕಾಲಿಗೇ ಬಾಗಿಲಲ್ಲಿದ್ದಳು. ಆ ಸೋಮವಾರ ತುಮಕೂರಿಗೆ ಹೋಗುವ ಮುಂಚೆ ಡಾಕ್ಟರಮ್ಮ ಒಂದೇ ಮಾತು ಕೇಳಿದ್ದರು: "ಯಾರಿಗೂ ಗೊತ್ತಿರಲಿಲ್ಲವಲ್ಲ ಶಹರ್ಬಾನು, ಯಾಕೆ ಬರೆದೆ?"

"ಕ್ಯಾತಮ್ಮನಿಗೆ ಗೊತ್ತಿತ್ತು, ಡಾಕ್ಟರಮ್ಮ."

ಅದಾಗಿ ಹದಿನೆಂಟು ದಿನಕ್ಕೆ ಕರೇಕಲ್ಲು ಹಟ್ಟಿಯ ಗಾಡಿ ಮತ್ತೆ ಬಂತು. ಬರುತ್ತದೆ ಎಂಬ ಧೈರ್ಯ ಶಹರ್ಬಾನುವಿಗಿರಲಿಲ್ಲ. ದಿನಾ ರಸ್ತೆ ನೋಡಿ ನೋಡಿ ಸಾಕಾಗಿತ್ತು. ಬೋರಣ್ಣನ ತಂಗಿಗೆ ಗಂಡು ಮಗು ಆಯಿತು, ತೊಂದರೆಯೇನೂ ಆಗಲಿಲ್ಲ. ಮೂರನೇ ದಿನ ಎತ್ತು ಕಟ್ಟಿ, ತಂಗಿಯನ್ನು ಕೂರಿಸಿ, ಬೋರಣ್ಣ ಮಾತ್ರ ಗಾಡಿ ಹತ್ತದೆ ವಾರ್ಡಿನೊಳಕ್ಕೆ ಬಂದು ಮಂಚದ ಪಕ್ಕ ನಿಂತ. ಸ್ಲೇಟನ್ನು ಬೆರಳಿನಿಂದ ತೋರಿಸಿದ.

ಶಹರ್ಬಾನು ಸ್ಲೇಟು ಬಿಚ್ಚಿ ಕೈಗೆ ತೆಗೆದುಕೊಂಡು ಗಟ್ಟಿಯಾಗಿ ಓದಿದಳು. "ಹೆರಿಗೆ ಸುಖವಾಗಿ ಆಗಿದೆ. ಎರಡು ಹೊಲಿಗೆ ಹಾಕಿದೆ, ತಾನಾಗಿ ಕರಗುತ್ತೆ. ಒಳಗೆ ಏನೂ ಇಟ್ಟಿಲ್ಲ. ಬಾಕಿ ಉಳಿದದ್ದು: ಏನೂ ಇಲ್ಲ."

ಬೋರಣ್ಣ ಹೆಗಲ ಮೇಲಿನ ಕಂಬಳಿ ಸರಿಮಾಡಿಕೊಂಡ. ಅವಳ ಸೆರಗನ್ನೊಮ್ಮೆ ನೋಡಿದ, ಸ್ಲೇಟನ್ನೊಮ್ಮೆ ನೋಡಿದ.

"ಇನ್ನೊಂದ್ ಕಿತ ಓದಿ," ಎಂದ.

ಅವಳು ಮೊದಲಿನಿಂದ ಓದಿದಳು.